ಕೋಟೆಯಿಂದ ಕಿತ್ತ ಏಳು ಹೆಂಗಸರನ್ನು ವಾಪಸ್ ನಿಲ್ಲಿಸಿ

ಮಾನ್ಯ ಪ್ರದರ್ಶನ ಸಮಿತಿಯ ಅಧ್ಯಕ್ಷರೇ,

ಮೊದಲು ಆ ಫೋನ್ ಕೆಳಗಿಡಿ. ಓದುವಾಗ ನೆಟ್ಟಗೆ ಕೂತುಕೊಳ್ಳಬೇಕೆಂದು ನಮಗೆ ಒಂದನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು; ನಿಮ್ಮ ದೊಡ್ಡ ಶಾಲೆಯಲ್ಲಿ ಆ ಪಾಠ ಬಿಟ್ಟಿರಬೇಕು. ದುಬೈಯ ನಮ್ಮ ಸಂಘದ ಮಕ್ಕಳ ವಸ್ತುಪ್ರದರ್ಶನದಲ್ಲಿ ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಡೆಬೊರಾ ರೋಮನ್ ಕೋಟೆಯ ಒಂದು ಮಾದರಿ ಕಟ್ಟಿದ್ದಳು. ತಾವು ಅದರೊಳಗಿಂದ ಹಿಟ್ಟಿನಲ್ಲಿ ಮಾಡಿದ ಏಳು ಹೆಂಗಸರು, ಮೂರು ಮಕ್ಕಳು ಮತ್ತು ಒಂದು ಕೋಳಿಯನ್ನು ಪೆನ್ನಿನ ತುದಿಯಿಂದ ಎಬ್ಬಿಸಿ ನನ್ನ ಅಂಗೈಗೆ ಹಾಕಿದಿರಿ. "ಏನಮ್ಮಾ ಇದು? ಗಡಿ ಕಾಯುವ ಕೋಟೆ ಇದು. ಬ್ಯಾಚುಲರ್‌ಗಳು ಇರೋ ಜಾಗ!" ಎಂದಿರಿ. 'ಇತಿಹಾಸಕ್ಕೆ ವಿರುದ್ಧ' ಎಂದು ಷರಾ ಬರೆದು, ಮುಂದಿನ ತಿಂಗಳ ಅಬುಧಾಬಿ ಪ್ರದರ್ಶನದ ಪಟ್ಟಿಯಿಂದ ಅವಳ ಹೆಸರು ಹೊಡೆದು ಹಾಕಿದಿರಿ.

ತಾವು ಆ ಅಸಲಿ ಕೋಟೆ ನೋಡಿದ್ದೀರಾ? ನಾನು ನೋಡಿದ್ದೇನೆ, ಸ್ವಾಮಿ. ಈ ವರ್ಷ ಈಸ್ಟರ್ ಮುಗಿದ ಮೇಲೆ ಡೆಬೊರಾಳೊಂದಿಗೆ ಯಾತ್ರೆಗೆಂದು ಜೋರ್ಡಾನಿಗೆ ಹೋದಾಗ ಮರುಭೂಮಿಯ ಅಂಚಿನಲ್ಲಿ ನಮ್ಮ ಬಸ್ಸು ನಿಂತಿತ್ತು. ಸಾವಿರದ ಏಳುನೂರು ವರ್ಷದ ಹಿಂದೆ ರೋಮಿನವರು ಕಟ್ಟಿದ್ದಂತೆ. ಭೂಕಂಪಕ್ಕೆ ಗೋಡೆ ಮಲಗಿದೆ, ಕುದುರೆ ಲಾಳದಂಥ ಗೋಪುರಗಳು ಅರ್ಧರ್ಧ ಉಳಿದಿವೆ. ಅದನ್ನು ತೋರಿಸಲೆಂದೇ ನಾವು ಕರಕ್ ಚಾಯ್ ಕುಡಿದ ಕಾಗದದ ಕಪ್ಪುಗಳನ್ನು ಉದ್ದಕ್ಕೆ ಸೀಳಿ ಅಂಟಿಸಿದ್ದು. ಗೋಪುರ ಇಪ್ಪತ್ತು, ಆ ವಾರ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಅಲ್ಲಿ ಸೈನಿಕರ ಕೋಣೆಯೊಂದರ ನಡುವೆ ತೆಳ್ಳಗಿನ ಒಂದು ಅಡ್ಡಗೋಡೆ ಕಂಡಿತು. ಮೂಲ ಗೋಡೆ ಕೆತ್ತಿದ ಕಲ್ಲಿನದು, ಇದು ಸಿಕ್ಕಿದ ಕಲ್ಲು ಪೇರಿಸಿದ್ದು. ಒಂದು ಬದಿಯಲ್ಲಿ ಒಲೆಯ ಮಸಿ. ನನಗೆ ನಗು ತಡೆಯಲಾಗಲಿಲ್ಲ. "ಮಗಾ, ನೋಡು, ಪಾರ್ಟಿಷನ್!" ಎಂದು ಕೂಗಿಯೇ ಬಿಟ್ಟೆ. ದುಬೈಯ ನಮ್ಮ ಅಲ್ ನಹ್ದಾದಲ್ಲಿ ಒಂದು ರೂಮಿಗೆ ಹಲಗೆ ಹೊಡೆದು ಎರಡು ಸಂಸಾರ ಇಳಿಸುವುದನ್ನು ನೋಡಿದವಳಿಗೆ ಇದನ್ನು ಪ್ರೊಫೆಸರರು ಬಂದು ಹೇಳಬೇಕೇ? ಗೈಡ್ ಕೂಡ ಹೌದೆಂದ. ಡೆಬೊರಾ ಅವನ ಇಂಗ್ಲಿಷನ್ನು ನನಗೆ ತಿಳಿಸಿದಳು. ಕೊನೆಗಾಲದಲ್ಲಿ ಗಡಿಯ ಸೈನಿಕರು ಹೆಂಡತಿ ಮಕ್ಕಳೊಂದಿಗೆ ಇದ್ದರಂತೆ. ಸೈನಿಕನ ಮಗ ಸೈನಿಕನೇ ಆಗಬೇಕೆಂದು ಕಾನೂನೂ ಇತ್ತಂತೆ. ಹೆಂಗಸರಿಲ್ಲದಿದ್ದರೆ ಆ ಮಕ್ಕಳು ಎಲ್ಲಿಂದ ಬಂದರು, ಅಧ್ಯಕ್ಷರೇ? ಡೋರ್ ಟು ಡೋರ್ ಕಾರ್ಗೋದಲ್ಲೇ?

ಬ್ಯಾಚುಲರ್ ಜಾಗ ಹೇಗಿರುತ್ತದೆಂದು ನನಗೆ ಕಲಿಸಬೇಡಿ. ಸಂಸಾರವನ್ನು ಊರಲ್ಲಿ ಬಿಟ್ಟು ಬಂದವರೆಲ್ಲ ಇಲ್ಲಿ ಬ್ಯಾಚುಲರ್‌ಗಳೇ; ನನ್ನ ಯಜಮಾನರು ಕಾನ್ರಾಡ್ ಹಾಗೆ ಅಬುಧಾಬಿ ಹತ್ತಿರದ ಮುಸಫ್ಫಾದ ಕಂಪನಿ ಕ್ಯಾಂಪಿನಲ್ಲಿ ಹನ್ನೊಂದು ವರ್ಷ ಇದ್ದರು. ವಿಸಿಟ್ ವೀಸಾದಲ್ಲಿ ಬಂದ ನಾನು ಬಂಗುಡೆ ಸಾರಿನ ಡಬ್ಬಿ ಹಿಡಿದು ಗೇಟಿಗೆ ಹೋದರೆ ವಾಚ್‌ಮನ್ "ಲೇಡೀಸ್ ಮಾಫಿ!", ಹೆಂಗಸರಿಗೆ ಪ್ರವೇಶವಿಲ್ಲ, ಎಂದು ಕೋಲು ಅಡ್ಡ ಹಿಡಿದ. ಸಾರು ಒಳಗೆ ಹೋಯಿತು, ನಾನು ಹೊರಗೆ ನಿಂತೆ. ತೆರೆದ ಬಾಗಿಲಲ್ಲಿ ಕಂಡದ್ದು ಎಂಟು ಮಂಚ, ಎಂಟು ಮೊಳೆ, ಎಂಟು ಪ್ಯಾಂಟು. ಹನ್ನೊಂದು ವರ್ಷದಲ್ಲಿ ಅಲ್ಲಿ ಯಾರೂ ಗೋಡೆ ಕಟ್ಟಲಿಲ್ಲ. ಮಗುವಿನ ಕಣ್ಣಿಗೆ ಹೊಗೆ ಹೋಗಬಾರದೆನ್ನುವವಳು ಒಬ್ಬಳು ಒಳಗಿದ್ದರೆ ತಾನೇ ಗಂಡಸು ಕಲ್ಲು ಹೊರುವುದು?

ನನ್ನದೂ ಒಂದು ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಹಿಟ್ಟಿನ ಆ ಹೆಂಗಸರಿಗೆ ಸೀರೆ ಉಡಿಸಿದವಳು ನಾನು. "ಗ್ರ್ಯಾನಿ, ರೋಮನ್ಸ್ ಡೋಂಟ್ ವೇರ್ ಸ್ಯಾರಿ" ಎಂದು ಡೆಬೊರಾ ಹಲ್ಲು ಕಡಿದಳು. "ಹಾಗಾದರೆ ಚಳಿಗೆ ಸಾಯಲಿ ಅಂತೀಯಾ?" ಎಂದು ಅವಳ ಬಾಯಿ ಮುಚ್ಚಿಸಿದೆ. ಸೀರೆಗೆ ಅಂಕ ಕಳೆಯಿರಿ, ನಾನೇ ಚಪ್ಪಾಳೆ ತಟ್ಟುತ್ತೇನೆ. ಆದರೆ ಸೀರೆ ತಪ್ಪಾದರೆ ಉಟ್ಟವಳೇ ಇರಲಿಲ್ಲ ಎನ್ನುವುದು ಯಾವ ಊರಿನ ಇತಿಹಾಸ?

ಪಟ್ಟಿಯಿಂದ ಹೆಸರು ಹೋದದ್ದಕ್ಕೆ ಹುಡುಗಿ ಅಳಲಿಲ್ಲ. ಕಾರಿನಲ್ಲಿ ಮೆತ್ತಗೆ ಕೇಳಿದಳು: "ಗ್ರ್ಯಾನಿ, ಡಿಡ್ ವಿ ಲೈ?" ಕಣ್ಣಾರೆ ಕಂಡದ್ದನ್ನೇ ಅವಳೀಗ ಸುಳ್ಳೇನೋ ಎಂದುಕೊಳ್ಳುತ್ತಿದ್ದಾಳೆ. ಪೆನ್ನಿನ ತುದಿಯಲ್ಲಿ ತಾವು ಕಿತ್ತದ್ದು ಅದನ್ನು.

ಆದ್ದರಿಂದ ಮನೆಗೆ ಬನ್ನಿ. ಅವಳ ಎದುರಿಗೇ ಏಳು ಜನರನ್ನೂ ನಿಮ್ಮ ಕೈಯಾರೆ ನಿಲ್ಲಿಸಿ, "ನೀನು ಸುಳ್ಳು ಹೇಳಲಿಲ್ಲ, ಮಗಳೇ" ಎಂದು ಬಾಯಿಬಿಟ್ಟು ಹೇಳಿ, ಹೆಸರನ್ನು ಪಟ್ಟಿಗೆ ಸೇರಿಸಿ. ಆಗುವುದಿಲ್ಲವೆಂದರೆ ಏಕೆಂದು, ಈ ಪತ್ರ ಅಚ್ಚಾದ ಸಂಘದ ಪತ್ರಿಕೆಯಲ್ಲೇ, ನಿಮ್ಮ ಸಹಿ ಹಾಕಿ ಬರೆಯಿರಿ. ಏನೇ ಇದ್ದರೂ ನವೆಂಬರ್ ಒಂದರೊಳಗೆ ಉತ್ತರ ಬರಬೇಕು.

ಇಂತಿ,
ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಅರವತ್ತೆಂಟಕ್ಕೆ ಏಳನೇ ಕ್ಲಾಸಿನಲ್ಲಿ ಫೇಲಾದ
ಎಲ್ಸಿ ಪಾಯ್ಸ್
ಅಲ್ ನಹ್ದಾ, ದುಬೈ, ಅಕ್ಟೋಬರ್ 2014