ಬಲಗಡೆಯ ಲೋಟ

ಅತ್ತಿಗೆಗೆ ನಮಸ್ಕಾರ.

ನೀವು ಸೊಸೆಯಾಗಿ ಬಂದ ಹೊಸದರಲ್ಲಿ ಅಮ್ಮ ಹೇಳಿಕೊಟ್ಟ ಮೊದಲ ಪಾಠ ನೆನಪಿದೆಯೇ? "ನಮ್ಮನೆಯವರಿಗೆ ಲೋಟ ಬಲಗಡೆನೇ ಇಡಮ್ಮ, ಎಡಗಡೆ ಇಟ್ರೆ ಚೆಲ್ಲಿಬಿಡ್ತಾರೆ." ಅಪ್ಪ ಚೆಲ್ಲುತ್ತಿದ್ದರು, ಅಣ್ಣ ಚೆಲ್ಲುತ್ತಾನೆ. ವಂಶಪಾರಂಪರ್ಯದ ದಡ್ಡತನ ಎಂದು ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ.

ವಂಶಪಾರಂಪರ್ಯವೇನೋ ಹೌದು, ದಡ್ಡತನವಲ್ಲ. ಕಳೆದ ವಾರ ಹೊಲಿಗೆ ಯಂತ್ರದ ಸೂಜಿ ನನ್ನ ಎಡಗೈ ಬೆರಳನ್ನೇ ಹೊಲಿಯಿತು. ಕಣ್ಣಿನ ಡಾಕ್ಟರು ನೋಡಿ ಗ್ಲಾಕೋಮಾ ಎಂದರು. ನೋವೇ ಇಲ್ಲದೆ ಅಂಚಿನಿಂದ ನೋಟವನ್ನು ತಿನ್ನುತ್ತಾ ಬರುತ್ತದಂತೆ; ನನಗೆ ಎಡಗಡೆಯ ಅಂಚು ಆಗಲೇ ಹೋಗಿದೆ. ಹೋದದ್ದು ಮರಳುವುದಿಲ್ಲ, ದಿನಾ ಹಾಕುವ ಹನಿ ಉಳಿದದ್ದನ್ನು ಕಾಯಬಹುದು, ಅಷ್ಟೆ. "ಒಡಹುಟ್ಟಿದೋರು, ಮಕ್ಕಳು, ಎಲ್ರೂ ಪರೀಕ್ಷೆ ಮಾಡಿಸ್ಕೊಳ್ಳಿ" ಎಂದರು.

ಅಣ್ಣನಿಗೆ ಫೋನ್ ಮಾಡಿದೆ. "ಇಪ್ಪತ್ತು ವರ್ಷದಿಂದ ಬಸ್ ಓಡಿಸ್ತಿದೀನಿ, ನನಗೆ ಕಣ್ಣು ಕಾಣಲ್ವಾ?" ಎಂದು ಇಟ್ಟೇಬಿಟ್ಟ. ಪರೀಕ್ಷೆ ಮಾಡಿಸಿದರೆ ಸ್ಟಿಯರಿಂಗ್ ಕೈತಪ್ಪುತ್ತದೆಂದು ಅವನಿಗೆ ಭಯ. ಬಸ್ಸಿನ ಎಡಗಡೆ ನಡೆದು ಹೋಗುವವರನ್ನು ನೆನೆದು ನನಗೆ ಭಯ.

ಡಾಕ್ಟರ ಚೀಟಿ ಇದರೊಳಗಿದೆ. ಅವನ ಕೈಗೆ ಕೊಡಬೇಡಿ, ಕಿಟಕಿಯಿಂದಾಚೆ ಬಿಸಾಡುತ್ತಾನೆ. ನನ್ನ ಮಾತಂತೂ ನಡೆಯಲಿಲ್ಲ. ಕೈಮುಗಿಯುತ್ತೇನೆ, ನೀವೇ ಹೇಗಾದರೂ ಮಾಡಿ ಕರೆದುಕೊಂಡು ಹೋಗಿ. ಮಕ್ಕಳನ್ನೂ.

ನಿನ್ನೆ ಊಟಕ್ಕೆ ಕೂತಾಗ ನನ್ನ ಮಗಳು ಎಡಗಡೆಯಿದ್ದ ತನ್ನ ಲೋಟವನ್ನು ಸುಮ್ಮನೆ ಎತ್ತಿ ಬಲಗಡೆ ಇಟ್ಟುಕೊಂಡಳು. ನಾಳೆ ಅವಳನ್ನೂ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.

ಇಂತಿ,
ನಿಮ್ಮ ನಾದಿನಿ