ಭಾನುವಾರದ ಡಬ್ಬಿ

12 ಫೆಬ್ರವರಿ 2024, ಸೋಮವಾರ

ಸದರ್ ಪೇಟೆಯ ನನ್ನ ಅಂಗಡಿ ತೆರೆದೆ, ಮೂರು ಜೊತೆ ಬೂಟು ಮಾರಿದೆ, ಆಮೇಲೆ ಲೆಕ್ಕಕ್ಕೆ ಕುಳಿತೆ. ಈ ಸೀಸನ್ನಿಗೆ ನಮ್ಮ ನವಯುಗ ಫುಟ್‌ಬಾಲ್ ಕ್ಲಬ್ಬಿನ ಖರ್ಚು ಆರು ಲಕ್ಷ ನಲವತ್ತನಾಲ್ಕು ಸಾವಿರ. ಹೊಡೆದ ಗೋಲು ಹದಿನಾಲ್ಕು. ಗೋಲಿಗೆ ನಲವತ್ತಾರು ಸಾವಿರ ಬಿತ್ತು. ಪಕ್ಕದೂರು ಕನ್ಹಾನಿನ ಸಿತಾರಾ ಕ್ಲಬ್ಬಿನವರದು ಒಂಬತ್ತು ಲಕ್ಷ ಹತ್ತು ಸಾವಿರ, ಇಪ್ಪತ್ತಾರು ಗೋಲು — ಮೂವತ್ತೈದರಂತೆ. ಅವರಿಗೆ ಸಗಟು ದರ.

ನಮ್ಮ ದುಡ್ಡು ಮುರಳೀಧರ ಅವರದು. ಬೆಂಗಳೂರಿನವರು, ಇಲ್ಲಿ ಲೇಔಟ್ ಮಾಡಿ ಪ್ಲಾಟ್ ಮಾರುತ್ತಾರೆ. ಹೋದ ಜುಲೈಯಲ್ಲಿ ನಾನೇ ಮಾತಿನಲ್ಲಿ ಕಟ್ಟಿ ತಂದೆ. ಸಿತಾರಾಕ್ಕೆ ಮರಳಿನ ಲಾರಿಗಳ ನಿತಿನ್ ಶೇಠ್ ಇದ್ದ. ನಮಗೂ ಒಬ್ಬ ಬೇಕಿತ್ತು.

ಅದಕ್ಕೂ ಮೊದಲು ಇಪ್ಪತ್ತನಾಲ್ಕು ವರ್ಷ — ಪಲ್ಟನ್ ಬಿಟ್ಟ ದಿನದಿಂದ — ಪ್ರತಿ ಭಾನುವಾರ ಈ ಕಾಮಠಿಯ ಓಣಿಗಳಲ್ಲಿ ಕ್ಲಬ್ಬಿನ ಚಂದಾ ಡಬ್ಬಿ ಹಿಡಿದು ತಿರುಗಿದವನು ನಾನು. ಮನೆಗೆ ಇಪ್ಪತ್ತು ರೂಪಾಯಿ. ಮೊದಲ ಚೆಕ್ ಪಾಸಾದ ವಾರವೇ ನಿಲ್ಲಿಸಿದೆ. ಸುಮ್ಮನೆ ನಿಲ್ಲಿಸಲಿಲ್ಲ, ಮನೆಮನೆಗೆ ಹೋಗಿ ಹೇಳಿ ಬಂದೆ — "ಇನ್ನ ನಿಮ್ಮ ಇಪ್ಪತ್ತು ನಮಗ ಬ್ಯಾಡ್ರಿ."

ಹೇಳುವಾಗ ಎಷ್ಟು ಹಿತವಾಗಿತ್ತು...

3 ಆಗಸ್ಟ್ 2024

ಪ್ರೀತಮ್ ಸಿತಾರಾಕ್ಕೆ ಹೋದ. ನಮ್ಮ ಗೋಲ್‌ಕೀಪರ್, ನಮ್ಮದೇ ಓಣಿಯವನು. ನಿತಿನ್ ಶೇಠ್ ತಿಂಗಳಿಗೆ ಹದಿನೆಂಟು ಸಾವಿರ ಎಂದ, ಮೋಟರ್ ಸೈಕಲ್ಲಿನ ಮುಂಗಡವನ್ನೂ ಕಟ್ಟಿದ.

ಮುರಳೀಧರ ಅವರಿಗೆ ಫೋನ್ ಮಾಡಿದೆ. "ಬಿಡಿ ಕರಿಯಪ್ಪನವ್ರೇ, ಇಬ್ಬರನ್ನ ತರೋಣ. ಆ ನಿತಿನ್ ಮುಖ ಸಪ್ಪಗಾಗ್ಬೇಕು, ಅಷ್ಟೆ."

ಕೊಲ್ಕತ್ತಾದಿಂದ ಇಬ್ಬರು ಬಂದರು, ವಿಮಾನದಲ್ಲಿ. ಒಬ್ಬನಿಗೆ ಮೀನಿಲ್ಲದೆ ಊಟ ಸೇರುವುದಿಲ್ಲ. ಮೀನಿನ ಖರ್ಚನ್ನೂ ಬರೆದೆ.

9 ಫೆಬ್ರವರಿ 2025, ರಾತ್ರಿ

ಫೈನಲ್. ಸಿತಾರಾಕ್ಕೆ ಒಂದು, ನಮಗೆ ಸೊನ್ನೆ. ನಮ್ಮ ಮೂರು ಖಾತ್ರಿ ಗೋಲು ತಡೆದವನು ಪ್ರೀತಮ್.

ಮುರಳೀಧರ, ನಿತಿನ್ ಒಂದೇ ಸೋಫಾದ ಮೇಲಿದ್ದರು. ಒಂದೇ ತಟ್ಟೆಯ ಗೋಡಂಬಿ. ನಾವು ಸೋತಾಗ ನಮ್ಮ ಧಣಿ ಅವನ ತೊಡೆ ತಟ್ಟಿ ನಕ್ಕರು. ಸೋತದ್ದು ಹೋಗಲಿ. ಆ ನಗು ಸರಿಯಿಲ್ಲ.

20 ಮೇ 2025

ಸರಿಯಿರಲಿಲ್ಲ.

ಮುರಳೀಧರ ಆಫೀಸಿಗೆ ಕರೆಸಿ ಚಹಾ ಕೊಟ್ಟರು. ಕನ್ಹಾನ್ ನದಿಯ ದಂಡೆಗೆ ಹೊಸ ಲೇಔಟ್, ನಿತಿನ್ ಪಾಲುದಾರ. "ಇನ್ಮೇಲೆ ಎರಡೂ ಕ್ಲಬ್ಬಿಗೆ ಕೊಡೋದು ಬೇಡ ಅಂತ ಮಾತಾಗಿದೆ. ಪಾರ್ಟ್‌ನರ್‌ಗಳು ಎದುರುಬದುರು ನಿಂತ್ರೆ ಚೆನ್ನಾಗಿರಲ್ಲ, ಅಲ್ವಾ?"

"ಜೂನ್ ಮೂವತ್ತರೊಳಗ ಲೀಗಿಗೆ ನಲವತ್ತು ಸಾವಿರ ತುಂಬಬೇಕ್ರಿ, ಸಾಹೇಬ್ರ. ಇಲ್ಲಂದ್ರ ಕ್ಲಬ್ಬಿನ ಹೆಸರ ತಗದ ಹಾಕ್ತಾರ."

"ನಿಮ್ಮ ಹಳೇ ಡಬ್ಬಿ ಇದೆಯಲ್ಲ!" ಎಂದರು. ತಮಾಷೆಗೇ ಹೇಳಿದ್ದು.

ಚಹಾ ಚೆನ್ನಾಗಿತ್ತು. ಪೂರ್ತಿ ಕುಡಿದೆ.

15 ಜೂನ್ 2025, ಭಾನುವಾರ

ಡಬ್ಬಿ ಒರೆಸಿಕೊಂಡು ಹೊರಟೆ. ನಲವತ್ತೊಂದು ಮನೆ, ಇನ್ನೂರ ಅರವತ್ತು ರೂಪಾಯಿ. ಅರ್ಧಕ್ಕರ್ಧ ಮನೆಯವರು ಬಾಗಿಲು ತೆರೆಯಲೇ ಇಲ್ಲ. ಒಬ್ಬ ಒಳಗಿನಿಂದಲೇ, "ಕ್ಯೂಂ ಅಂಕಲ್, ಶೇಠ್ ಭಾಗ್ ಗಯಾ?" — ಧಣಿ ಓಡಿಹೋದನೇ ಅಂತ.

ಕೊನೆಗೆ ಬೇಬಿಯ ಮನೆ. ನನ್ನ ಜೊತೆ ಪಲ್ಟನ್ನಿನಲ್ಲಿದ್ದ ಗದಗಿನ ಮಲ್ಲೇಶಪ್ಪನ ಹೆಂಡತಿ. ಅವನು ತೀರಿಕೊಂಡ ವಾರವೂ ಇಪ್ಪತ್ತು ತಪ್ಪಿಸಿದವಳಲ್ಲ.

"ಬರ್ರಿ ಅಣ್ಣಾ. ದೊಡ್ಡವರು ದಾರಿ ತಪ್ಪಿ ಬಂದೀರಿ?"

ಡಬ್ಬಿ ಮುಂದೆ ಹಿಡಿದೆ.

"ನೀವು ಬ್ಯಾಡ ಅಂದ ಮ್ಯಾಲೂ ಭಾನುವಾರ ಬಂದ್ರ ಇಪ್ಪತ್ತು ತಗದಿಡತಿದ್ದೆ. ಚಟ ಬಿದ್ದಿತ್ತಲ್ಲ. ನೂರು ವಾರ ಆತು ನೋಡ್ರಿ, ಎರಡು ಸಾವಿರ. ಮೊನ್ನೆ ಕುಕ್ಕರ್ ತಗೊಂಡೆ."

"ಛಲೋ ಆತು ಬಿಡವಾ. ಈ ವಾರದ್ದು..."

"ಆಗ ನಮ್ಮ ಓಣಿ ಹುಡುಗರು ಆಡ್ತಿದ್ರು, ಕೊಡ್ತಿದ್ವಿ. ಈಗ ಆಡವರ ಹೆಸರರ ನಮಗ ಗೊತ್ತೈತೇನಣ್ಣಾ?"

ಕೊಡಲಿಲ್ಲ. ಊಟಕ್ಕೆ ಕೂರಿಸಿದಳು. ಆ ಕುಕ್ಕರಿನದೇ ಅನ್ನ. ತಿಂದೆ.

30 ಜೂನ್ 2025, ಸಂಜೆ 6

ಐದಕ್ಕೆ ಲೀಗ್ ಆಫೀಸಿನ ಕಿಟಕಿ ಮುಚ್ಚಿತು. ಕೈಯಲ್ಲಿ ಹನ್ನೊಂದು ಸಾವಿರವಿತ್ತು, ಅದರಲ್ಲಿ ಹತ್ತು ನನ್ನದೇ.

ಮೆಟ್ಟಿಲ ಮೇಲೆ ಪಾಂಡುರಂಗ ಕುಳಿತಿದ್ದ, ಸಿತಾರಾದ ಖಜಾಂಚಿ. ಎರಡು ವರ್ಷದಿಂದ ಮಾತು ಬಿಟ್ಟಿದ್ದೆವು.

"ಕಾಯ್ ಹವಾಲ್ದಾರ್, ಭರಲೇ ಕಾ ಪೈಸೆ?" ದುಡ್ಡು ತುಂಬಿದೆಯಾ ಅಂತ ಕೇಳಿದ.

"ನಾಹೀ. ತೂ?" ಇಲ್ಲ, ನೀನು, ಎಂದೆ.

ಅವನೂ ಇಲ್ಲವೆಂದು ತಲೆಯಾಡಿಸಿದ. ಹತ್ತಿರ ಕುಳಿತೆ. ಚಹಾದ ದುಡ್ಡು ಅವನು ಕೊಟ್ಟ.

ಯಾರಿಗೆ ಏನು ಬಂತು, ಬರೆದಿಡುತ್ತೇನೆ.

ಮುರಳೀಧರ: ಹದಿನೆಂಟು ಎಕರೆ, ಒಬ್ಬ ಪಾಲುದಾರ.
ನಿತಿನ್: ಅದರಲ್ಲೇ ಪಾಲು, ಮರಳಿಗೆ ಖಾಯಂ ಗಿರಾಕಿ.
ಪ್ರೀತಮ್: ಮೋಟರ್ ಸೈಕಲ್. ಹದಿನಾಲ್ಕು ಕಂತು ಬಾಕಿ, ಸಂಬಳ ನಿಂತಿದೆ.
ಪಾಂಡುರಂಗ: ಫೈನಲ್ಲಿನ ಕಪ್. ಹಿತ್ತಾಳೆ.
ಬೇಬಿ: ಕುಕ್ಕರ್, ಐದು ಲೀಟರ್.
ನವಯುಗ ಕ್ಲಬ್: —