ಉಮ್ಮ ಎತ್ತಿದ ಅರ್ಧ ಕಿಲೋ

ಹೂಡೆ,
24 ಆಗಸ್ಟ್ 2006

ಪ್ರೀತಿಯ ತಮ್ಮ ನಜೀಬನಿಗೆ ಅಕ್ಕನ ಸಲಾಂ.

ಹೇಗಿದ್ದೀ? ಸೊಂಟನೋವು ಹೇಗುಂಟು? ದಮ್ಮಾಮಿನಲ್ಲಿ ಕೆಲಸ ಮುಗಿಸಿ ದಿನಾ ಜಿಮ್ಮಿಗೆ ಹೋಗುತ್ತೀಯಂತೆ, ಅಲ್ಲಿ ಕಬ್ಬಿಣ ಎತ್ತಲು ಶುರು ಮಾಡಿದ ಮೇಲೆ ತಲೆ ಹಗುರಾಗಿದೆಯಂತೆ. ಸಂತೋಷ. ಹಗುರಾದದ್ದು ನಮಗೆ ಇಲ್ಲಿಂದಲೇ ಗೊತ್ತಾಗಿತ್ತು. ಫೋನಿನಲ್ಲಿ ನಿನ್ನ ಹತ್ತಿರ ಜಗಳವಾಡಲೂ ಆಗುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ‘ಆಯ್ತಾಯ್ತು, ಇಡ್ತೇನೆ’ ಎನ್ನುತ್ತೀ. ಪತ್ರಕ್ಕೆ ಆ ಭಯವಿಲ್ಲ. ನಮ್ಮ ಮನೆಮಾತು ಬ್ಯಾರಿಯಲ್ಲಿ ಬೈಯುವುದು ಸುಲಭ, ಬರೆಯುವುದು ಕಷ್ಟ. ಹಾಗಾಗಿ ಕಾಪುವಿನ ಕಾಲೇಜು ಮಕ್ಕಳಿಗೆ ಕಲಿಸುವ ಕನ್ನಡದಲ್ಲೇ ನಿನಗೂ ಒಂದು ಪಾಠ.

ನಮ್ಮ ಉಮ್ಮ ದಿನಕ್ಕೆ ನಲ್ವತ್ತು ಕೊಡ ನೀರು ಸೇದುತ್ತಿದ್ದವರು. ಒನಕೆ ಹಿಡಿದರೆ ಎರಡು ಮನೆಯಾಚೆಗೆ ಕೇಳುತ್ತಿತ್ತು. ಹೂಡೆಯ ಯಾವ ಮಗುವಿಗೆ ಎಷ್ಟು ವಯಸ್ಸು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟು ಹೋದರು, ಎಲ್ಲ ಬಾಯಿಪಾಠ. ಆರು ವರ್ಷದ ಹಿಂದೆ ನೀನು ಹೊಸ ಮನೆ ಕಟ್ಟಿಸಿದೆ. ಬಾವಿಗೆ ಪಂಪು ಬಂತು, ರಾಟೆ ಕಳಚಿತು. ಒನಕೆ ಅಟ್ಟ ಸೇರಿತು. ಬಟ್ಟೆಗೆ ಮೆಷಿನ್, ಮಿಕ್ಕದ್ದಕ್ಕೆ ಕೆಲಸದ ಹೆಂಗಸು. ‘ಇನ್ನು ಉಮ್ಮ ಒಂದು ಚೆಂಬೂ ಎತ್ತಬಾರದು’ ಎಂದು ನೀನು ನೆಂಟರೆದುರು ಸಾರಿದಾಗ ಎಲ್ಲರೂ ತಲೆದೂಗಿದರು. ನಾನೂ ತೂಗಿದೆ. ನಮ್ಮಲ್ಲಿ ತಾಯಿಗೆ ಮರ್ಯಾದೆ ಎಂದರೆ ಕುರ್ಚಿ. ಮಗ ದೊಡ್ಡವನಾದಷ್ಟೂ ಕುರ್ಚಿ ಮೆತ್ತಗಾಗುತ್ತದೆ. ನೀನು ಮೆರೆದೆ, ಉಮ್ಮ ಮರೆತರು. ಮೊದಲು ಗಂಜಿಗೆ ಉಪ್ಪು, ಆಮೇಲೆ ಒಲೆಯ ಮೇಲಿನ ಹಾಲು, ಕೊನೆಗೆ ನನ್ನನ್ನೇ ಸತ್ತ ಚಿಕ್ಕಮ್ಮನ ಹೆಸರಿನಿಂದ ಕರೆದರು.

ಕಳೆದ ಆಗಸ್ಟಿನಲ್ಲಿ ಮಣಿಪಾಲದ ಡಾಕ್ಟರಮ್ಮನಿಗೆ ತೋರಿಸಿದೆ. ‘ಮಾತ್ರೆ ನಾನು ಕೊಡುತ್ತೇನೆ, ಇವರ ಕೈಯಿಂದ ಕಸಿದುಕೊಂಡ ಭಾರವನ್ನು ನೀವು ವಾಪಸು ಕೊಡಿ’ ಎಂದರು. ಮರೆವು ಹೋಗುತ್ತದೆ ಎನ್ನಲಾರೆ, ಆದರೆ ವಯಸ್ಸಾದ ಹೆಂಗಸರಿಗೆ ಸ್ನಾಯು ಗಟ್ಟಿಯಾದರೆ ಅದು ಸ್ವಲ್ಪ ನಿಧಾನವಾದೀತು ಎಂದರು. ಅಲ್ಲೇ ಮಂಗಳವಾರ, ಶುಕ್ರವಾರ ಅಜ್ಜಿಯಂದಿರಿಗೆ ಭಾರ ಎತ್ತುವ ಕ್ಲಾಸು. ಕಲಿಸುವವಳು ಸಂತೆಕಟ್ಟೆಯ ಪ್ಯಾಟ್ರಿಶಿಯಾ. ಮೊದಲ ದಿನ ಅವಳು ಅರ್ಧ ಕಿಲೋದ ಡಂಬೆಲ್ ಕೊಟ್ಟಾಗ ಉಮ್ಮ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ‘ಎಂತ ಬಾಯಮ್ಮ, ಇದು ಗಿಲಕಿಯಾ? ತೊಟ್ಟಿಲಿನ ಮಗುವಿಗೆ ಕೊಡಿ’ ಎಂದರು. ಇಡೀ ಕ್ಲಾಸು ನಕ್ಕಿತು. ಎತ್ತಿದ್ದನ್ನು ಎಣಿಸುವಾಗ ಮಾತ್ರ ಐದಕ್ಕೇ ಲೆಕ್ಕ ತಪ್ಪುತ್ತಿತ್ತು. ಆಗ ಪ್ಯಾಟ್ರಿಶಿಯಾ ಕೇಳಿದಳು: ‘ನಿಮಗೆ ನೆನಪಿಡಲೇಬೇಕಾದ್ದು ಎಂತ ಉಂಟು, ಉಮ್ಮ?’ ಉಮ್ಮ ಹೇಳಿದ್ದು ನಿನ್ನ ಫೋನ್ ನಂಬರು. ಅಂದಿನಿಂದ ಒಂದು ಸಲ ಎತ್ತಿದರೆ ಒಂದು ಅಂಕೆ. ಸೊನ್ನೆ, ಸೊನ್ನೆ, ಒಂಬತ್ತು, ಆರು, ಆರು... ಹೀಗೆ ಹದಿನಾಲ್ಕು ಸಲ ನಿನ್ನನ್ನೇ ಎತ್ತಿದರು. ಹೊಟ್ಟೆಯಲ್ಲಿ ಹೊತ್ತದ್ದು ಸಾಲಲಿಲ್ಲವೆಂದು ಕಾಣುತ್ತದೆ.

ಜನವರಿಯ ಹೊತ್ತಿಗೆ ಒಂದೊಂದು ಕೈಗೆ ಎರಡೆರಡು ಕಿಲೋ. ಕೈ ಊರದೆ ಕುರ್ಚಿಯಿಂದ ಏಳುತ್ತಿದ್ದರು. ನನ್ನನ್ನು ನನ್ನ ಹೆಸರಿನಿಂದಲೇ ಕರೆದು ಬೈಯುತ್ತಿದ್ದರು. ಬೈಗುಳ ಅಷ್ಟು ಸಿಹಿ ಎಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ನಂಬರಿನ ಚೀಟಿ ನೋಡದೆ, ಹದಿನಾಲ್ಕೂ ಅಂಕೆ ಒತ್ತಿ, ‘ಮಗಾ, ನಾನು ಭಾರ ಎತ್ತುತ್ತೇನೆ’ ಎಂದು ನಿನಗೆ ಹೇಳಿದರು. ಅವರು ಮಾಡಿದ ತಪ್ಪು ಅಷ್ಟೇ, ನಿನ್ನನ್ನು ನೆನಪಿಟ್ಟದ್ದು. ‘ಗಲ್ಫಿನಲ್ಲಿ ಮಗ ಇರುವಾಗ ಉಮ್ಮ ಕಬ್ಬಿಣ ಹೊರುವುದಾ? ಊರವರು ನನ್ನ ಮುಖಕ್ಕೆ ಉಗಿಯುವುದಿಲ್ವಾ?’ ಎಂದು ನೀನು ಕಿರುಚಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿತು. ಉಮ್ಮ ಮರುದಿನ ಕ್ಲಾಸಿಗೆ ಹೊರಡಲು ಹಾಕಿದ್ದ ಬುರ್ಖಾ ತೆಗೆದು ಮಡಚಿಟ್ಟರು. ‘ಅವನಿಗೆ ಬೇಸರ’ ಎಂದರು. ನಾನೂ ವಾದಿಸಲಿಲ್ಲ. ನನಗೂ ವಾರಕ್ಕೆರಡು ದಿನ ಬಸ್ಸಿನ ಅಲೆದಾಟ ತಪ್ಪಿತಲ್ಲ!

ಮುಂದಿನ ತಿಂಗಳು ನಿನ್ನ ಕುರ್ಚಿ ಬಂತು. ಗುಂಡಿ ಒತ್ತಿದರೆ ಕಾಲನ್ನೂ ಅದೇ ಎತ್ತುತ್ತದೆ. ಉಮ್ಮ ಎತ್ತಲು ಉಳಿದದ್ದು ಕಣ್ಣಿನ ರೆಪ್ಪೆ ಮಾತ್ರ. ನೋಡಲು ಬಂದವರೆಲ್ಲ ‘ಮಗ ಎಂದರೆ ಹೀಗಿರಬೇಕು’ ಎಂದು ಕುರ್ಚಿಯನ್ನು ಸವರಿ ಹೋಗುತ್ತಾರೆ. ಕ್ಲಾಸು ಬಿಟ್ಟು ಏಳು ತಿಂಗಳಾಯಿತು. ಈಗ ಬಚ್ಚಲಿನಿಂದ ಹೊರಗೆ ಬಂದು, ಅಡುಗೆಮನೆ ಯಾವ ಕಡೆ ಎಂದು ಕೇಳುತ್ತಾರೆ.

ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಸಲಾಂ ಹೇಳು. ಉಮ್ಮನ ದುಆ ನಿನ್ನ ಮೇಲೆ ಯಾವತ್ತೂ ಇರುತ್ತದೆ. ಅದನ್ನು ಯಾರ ಹೆಸರಿನಲ್ಲಿ ಮಾಡುತ್ತಾರೆ ಎಂದು ಮಾತ್ರ ಕೇಳಬೇಡ. ಜಿಮ್ಮಿನಲ್ಲಿ ಸೊಂಟ ಜೋಪಾನ.

ನಿನ್ನ ಅಕ್ಕ,
ನೌಶೀನ್

ಮರೆತಿದ್ದೆನೆಂದು ತಿಳಿಯಬೇಡ: ಕಳೆದ ಶುಕ್ರವಾರ ಉಮ್ಮ ಗೋಡೆಗೆ ಅಂಟಿಸಿದ ಚೀಟಿ ನೋಡಿ ತಾವೇ ನಿನಗೆ ಫೋನ್ ಮಾಡಿದರು. ಹತ್ತು ನಿಮಿಷ ಮಾತಾಡಿ, ‘ನಾನು ಪುನಃ ಮಣಿಪಾಲಕ್ಕೆ ಹೋಗಲಾ, ಮಗಾ?’ ಎಂದು ಕೇಳಿ, ಒಪ್ಪಿಗೆ ಸಿಕ್ಕಿದ್ದಕ್ಕೆ ಅತ್ತರು. ನಾನು ರಿಸೀವರ್ ತೆಗೆದುಕೊಂಡರೆ ಆಚೆ ಯಾರೋ ಮಲಯಾಳಿ ಡ್ರೈವರ್. ಒಂದು ಅಂಕೆ ತಪ್ಪಿತ್ತು. ಮಲಯಾಳಕ್ಕೆ ಹತ್ತಿರದ ನಮ್ಮ ಬ್ಯಾರಿ ಅವನಿಗೆ ಮುಕ್ಕಾಲು ಅರ್ಥವಾಯಿತಂತೆ. ಮಗಾ ಎಂದು ಕರೆದ ಮೇಲೆ ರಾಂಗ್ ನಂಬರ್ ಎನ್ನಲು ಬಾಯಿ ಬರಲಿಲ್ಲವಂತೆ. ಈಗ ಉಮ್ಮ ಬಂದವರಿಗೆಲ್ಲ ಹೇಳುತ್ತಾರೆ, ‘ನಜೀಬ್ ಒಳ್ಳೆಯವನಾಗಿದ್ದಾನೆ, ನಾನು ಹೇಳಿದ್ದನ್ನು ಪೂರ್ತಿ ಕೇಳಿದ.’ ಆದ್ದರಿಂದ ನೀನು ಒಪ್ಪಿದ್ದೀ. ಮುಂದಿನ ಫೋನಿನಲ್ಲಿ ಇಲ್ಲವೆನ್ನಬೇಡ, ಇಷ್ಟು ಹೇಳಲಿಕ್ಕೇ ಈ ಪತ್ರ. ಮೊನ್ನೆ ಮಂಗಳವಾರ ಕರೆದುಕೊಂಡು ಹೋದೆ. ಪ್ಯಾಟ್ರಿಶಿಯಾ ಅದೇ ಅರ್ಧ ಕಿಲೋ ಕೊಟ್ಟಳು. ಉಮ್ಮ ಗಿಲಕಿ ಎನ್ನಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ‘ಸೊನ್ನೆ’ ಎಂದು ಒಮ್ಮೆ ಎತ್ತಿದರು, ‘ಸೊನ್ನೆ’ ಎಂದು ಇನ್ನೊಮ್ಮೆ ಎತ್ತಿದರು. ಮುಂದಿನದಕ್ಕೆ ನನ್ನ ಮುಖ ನೋಡಿದರು.